ವಾರಗಿತ್ತಿ ಆರಿಸಿದ ಸ್ವಿಚ್ಚು

ಅವಳ ಬಲಗೈ ಹೆಬ್ಬೆರಳಿನ ತುದಿ ಸದಾ ಕಂದು. ಎಷ್ಟು ತಿಕ್ಕಿದರೂ ಹೋಗದ ಬಣ್ಣ ಅದು; ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿ ತಾಗಿ ತಾಗಿ ಗಟ್ಟಿಯಾದ ಚರ್ಮ. ಒಲೆಯಿಂದ ಇಳಿಸಿದ ಮುದ್ದೆಗೆ ಆ ಬೆರಳನ್ನೇ ಒತ್ತಿ ಗುಳಿ ಮಾಡಿ ಸಾರು ಬಿಟ್ಟುಕೊಳ್ಳುತ್ತಿದ್ದಳು, ಬಿಸಿ ಗೊತ್ತೇ ಆಗುತ್ತಿರಲಿಲ್ಲ. ನಾನು ಊದಿ ಊದಿ ಮೊದಲ ತುತ್ತು ಮುರಿಯುವಷ್ಟರಲ್ಲಿ ಅವಳ ತಟ್ಟೆ ಖಾಲಿ, ಅವಳು ಅಂಗಡಿ ಕಡೆ. ಮದುವೆಯಾಗಿ ಮದ್ದೂರಿಗೆ ಬಂದ ಮೊದಲ ವಾರದಲ್ಲೇ ನನಗೆ ಹೊಟ್ಟೆಕಿಚ್ಚು ಶುರುವಾಗಿದ್ದು ಆ ಬೆರಳು ನೋಡಿ.

ಅವಳು ನನ್ನ ವಾರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ಮಳವಳ್ಳಿ ಕಡೆಯ ಹಳ್ಳಿಯವಳು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಾನು ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದವಳು; ನಮ್ಮಪ್ಪ ವಿ.ಸಿ. ಫಾರಂನ ಗದ್ದೆಗಳಲ್ಲಿ ಕೂಲಿ ಮಾಡಿಕೊಂಡು ಓದಿಸಿದ್ದು. ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ, ಟೀವಿ ರಿಪೇರಿ, ಡಿಶ್ ಮಾರಾಟ. ಅಣ್ಣತಮ್ಮ ಇಬ್ಬರೂ ಬೆಳಿಗ್ಗೆಯೇ ಏಣಿ ಹೊತ್ತು ಹಳ್ಳಿಗಳಿಗೆ ಡಿಶ್ ಕೂರಿಸಲು ಹೋದರೆ, ರಿಪೇರಿ ಮೇಜಿನ ಮುಂದೆ ಕೂರುತ್ತಿದ್ದವಳು ಅವಳು. ಆ ಮೇಜಿಗಿದ್ದದ್ದು ಒಂದೇ ಸ್ಟೂಲು. ಡಿಪ್ಲೊಮಾದವಳು ಒಳಗೆ ಕೂತು ಕಾಯಿ ತುರಿಯುತ್ತಿದ್ದಳು.

ಅವಳಿಗೆ ಕೆಲಸ ಕಲಿಸಿದ್ದು ನಮ್ಮ ಮಾವ. ಶಿವನಸಮುದ್ರದ ವಿದ್ಯುದಾಗಾರದಲ್ಲಿ ದುಡಿದು ರಿಟೈರಾದವರು. ಕರೆಂಟಿನ ವಿಷಯದಲ್ಲಿ ಅವರದು ದೇವರಮನೆಯ ಮಡಿ. ಎರಡು ಕಾಲಿನ ಪ್ಲಗ್ಗನ್ನು ಹೇಗೆ ಬೇಕಾದರೂ ತಿರುಗಿಸಿ ಚುಚ್ಚಬಹುದಲ್ಲ, ಅದು ಅವರಿಗೆ ಆಗದು. ಹಾಗಾಗಿ ನಮ್ಮ ಮನೆಯ ಪ್ರತಿ ಪ್ಲಗ್ಗಿನ ಒಂದು ಪಕ್ಕದಲ್ಲಿ ಕೆಂಪು ಉಗುರುಬಣ್ಣದ ಚುಕ್ಕೆ. ಚುಕ್ಕೆ ಬಲಕ್ಕೆ ಬರುವಂತೆಯೇ ಚುಚ್ಚಬೇಕು; ಆಗ ಕರೆಂಟು ಹೊತ್ತು ತರುವ ಫೇಸ್ ತಂತಿ ಯಾವುದು, ಸುಮ್ಮನಿರುವ ನ್ಯೂಟ್ರಲ್ ಯಾವುದು ಎಂದು ಕಣ್ಣುಮುಚ್ಚಿ ಹೇಳಬಹುದು. ರೇಡಿಯೊ, ಚಾರ್ಜರ್, ಗೌರಿಹಬ್ಬದ ಸೀರಿಯಲ್ ಲೈಟು, ಯಾವುದಕ್ಕೂ ವಿನಾಯಿತಿ ಇಲ್ಲ. ಮೂರು ತಿಂಗಳಲ್ಲಿ ನನ್ನ ಕೈಗೂ ಅದು ರೂಢಿಯಾಯಿತು.

ಅವಳ ಕೆಲಸದಲ್ಲೂ ಒಂದು ನೇಮವಿತ್ತು. ಬಿಚ್ಚಿದ ಸ್ಕ್ರೂಗಳನ್ನು ಹಳೇ ಅರಿಸಿನದ ಬಟ್ಟಲಲ್ಲಿ ಬಿಚ್ಚಿದ ಸಾಲಿನಲ್ಲೇ ಜೋಡಿಸುತ್ತಿದ್ದಳು. ಯಾರ ಮನೆಗೆ ಹೋದರೂ, ಅದು ಸೀಮಂತದ ಮನೆಯೇ ಆಗಿರಲಿ, ಮೊದಲು ಟೀವಿಯ ಹಿಂದೆ ಟಾರ್ಚು ಬಿಟ್ಟು ನೋಡಿ ಆಮೇಲೆ ಚಾಪೆ ಮೇಲೆ ಕೂರುವಳು. "ಟೀವಿ ಮಕ ಎಲ್ರೂ ನೋಡ್ತಾರೆ, ಬೆನ್ನು ನೋಡೋರು ಬೇಕು ಕಣಮ್ಮಿ" ಎಂದು ನನಗೆ ಹೇಳುತ್ತಿದ್ದಳು. ಹೇಳಿದರೆ ಸಾಲದು ಎಂಬಂತೆ ಕೊನೆಗೊಮ್ಮೆ ಡಿಪ್ಲೊಮಾದ ಒಗ್ಗರಣೆಯೂ ಇರಲೇಬೇಕು. ಸಾರಿಗೆ ಉಪ್ಪು ಕಮ್ಮಿಯಾದರೂ ಡಿಪ್ಲೊಮಾ, ಹಾಲು ಉಕ್ಕಿದರೂ ಡಿಪ್ಲೊಮಾ. ಎಲ್ಲರೂ ನಗುವರು. ನಾನೂ ನಗುತ್ತಿದ್ದೆ.

ಕೆಲವು ವರ್ಷದ ಹಿಂದೆ ಮಾವನಿಗೆ ಒಂದು ಆಸೆ ಬಂತು. ಪುಕ್ಕಟೆ ಚಾನೆಲ್ಲು ಬರುವ ಡಿಶ್ಶಿಗೆ ನಾವೇ ಯಾಕೆ ಒಂದು ಪುಟ್ಟ ಸೆಟ್‌ಟಾಪ್ ಡಬ್ಬ ಮಾಡಬಾರದು ಎಂದು. ಬೆಂಗಳೂರಿನಿಂದ ಬೋರ್ಡು ತರಿಸುವುದು, ಮಂಡ್ಯದಲ್ಲಿ ತಗಡಿನ ಕವಚ ಮಾಡಿಸುವುದು, ಜೋಡಿಸುವುದು ಮನೆಯಲ್ಲಿ. ಕವಚ ಎಷ್ಟು ಚಿಕ್ಕದೆಂದರೆ ಎರಡು ಅಚ್ಚು ಬೆಲ್ಲ ಪಕ್ಕಪಕ್ಕ ಇಟ್ಟಷ್ಟು. ಬೆಂಗಳೂರಿನ ಡಬ್ಬಗಳಂತೆ ಅದರ ಬೆನ್ನಿಗೆ ಹತ್ತು ತೂತು ಕೊರೆಯುವಂತಿಲ್ಲ. ಟೀವಿಗೆ ಹೋಗುವ ವೈರಿಗೆ ಯಾವ ಯಾವ ಸಾಕೆಟ್ಟು ಇಡಬೇಕು, ಆನ್ ಆಫ್ ಮಾಡಲು ಎಂಥ ಸ್ವಿಚ್ಚು, ಇದನ್ನು ಮೊದಲು ಆರಿಸಬೇಕು. ಮಾವ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿ, "ನೀನು ಓದಿದೋಳು, ಯಾವ್ದು ಬೇಕು ನೀನ್ ಏಳವ್ವ" ಅಂದರು.

ಆರು ವರ್ಷ ಕಾದ ಮಾತು ಅದು. ಅಂದು ಮಧ್ಯಾಹ್ನವೇ ಸ್ಕೇಲು ಹಿಡಿದು ಚಿತ್ರ ಬರೆದೆ. ಹೊಸ ಟೀವಿಗೆ ಒಂದು ಎಚ್‌ಡಿಎಂಐ, ಹಳೇ ಟೀವಿಗೆ ಒಂದು ಸಣ್ಣ ಪಿನ್ನಿನ ತೂತು, ಮುಂದೆ ನುಣುಪಾದ ಒಂದು ಬಟನ್ನು. ಅವಳು ಚಿತ್ರ ನೋಡಿ ಚೆಂದಾಗದೆ ಅಂದಳು. ಅಂದವಳೇ ಟಾರ್ಚು ತೆಗೆದುಕೊಂಡು ಹೊರಟಳು. ಮೂರು ದಿನ, ನಮ್ಮ ಬೀದಿಯಿಂದ ಶಿವಪುರದವರೆಗೆ, ಕಂಡಕಂಡವರ ಟೀವಿಯ ಬೆನ್ನು ನೋಡಿ ಬಂದಳು.

ಬಂದು ಮಾವನ ಮುಂದೆ ಕೂತು ವರದಿ ಒಪ್ಪಿಸಿದಳು. ಎಚ್‌ಡಿಎಂಐ ಇರುವ ಮನೆ ಆರೋ ಏಳೋ. ಮಿಕ್ಕ ಕಡೆಯೆಲ್ಲ ಹಳದಿ, ಕೆಂಪು, ಬಿಳಿ ಬಣ್ಣದ ಮೂರು ತೂತು, ಕೆಲವು ಕಡೆ ಹಳೇ ಏರಿಯಲ್ ತೂತು ಒಂದೇ. ಸಣ್ಣ ಪಿನ್ನಿನಿಂದ ಮೂರು ಬಣ್ಣಕ್ಕೆ ಸೇರಿಸುವ ವೈರು ಸಿಗುತ್ತದಲ್ಲ ಎಂದು ನಾನು ಬಾಯಿ ಹಾಕಿದೆ.

"ಆ ವೈರು ಕಳ್ದೋದ್ರೆ ಮಂಡ್ಯಕ್ಕೋಗ್ಬೇಕು ಕಣಮ್ಮಿ. ಮೂರು ಬಣ್ಣದ್ದು ಸಂತೇಲೂ ಸಿಗ್ತದೆ" ಅಂದಳು.

ನನ್ನ ಬಟನ್ನೂ ಉಳಿಯಲಿಲ್ಲ. ಕರೆಂಟು ಹೋಗಿ ಬಂದರೆ ಆ ಥರದ ಡಬ್ಬ ಕೆಂಪು ದೀಪ ಉರಿಸಿಕೊಂಡು ಮಲಗಿಬಿಡುತ್ತದೆ, ರಿಮೋಟು ಒತ್ತುವವರೆಗೂ ಏಳುವುದಿಲ್ಲ. ರಿಮೋಟು ಕಳೆದುಕೊಂಡವರು ಡಬ್ಬ ಸತ್ತಿತೆಂದು ಅಂಗಡಿಗೆ ಹೊತ್ತು ತರುತ್ತಾರೆ ಎಂದಳು. ಒತ್ತಿದರೆ ಟಕ್ ಎಂದು ಕೂರುವ ಸ್ವಿಚ್ಚೇ ಬೇಕು, ತೌರಿನಲ್ಲಿ ಕಣ್ಣು ಮಂಜಾದ ಅವರವ್ವನ ಕೈಗೂ ಆನ್ ಯಾವುದು ಆಫ್ ಯಾವುದು ತಿಳಿಯಬೇಕು. ಮಾವ ತಲೆಯಾಡಿಸಿದರು. ಮೂರು ಬಣ್ಣ, ಎಚ್‌ಡಿಎಂಐ, ಏರಿಯಲ್ ಎಲ್ಲವನ್ನೂ ಬೆನ್ನಿಗೆ ಕೂರಿಸಿದ ಮೇಲೆ ಸ್ವಿಚ್ಚಿಗೆ ಉಳಿದದ್ದು ಪಕ್ಕದ ಕಿರಿದಾದ ಜಾಗ. ಅವಳು ಅಲ್ಲಿಗೆ ತೆಳ್ಳನೆಯದೊಂದನ್ನು ಆರಿಸಿದಳು. ನನ್ನ ಚಿತ್ರದ ಹಾಳೆಯನ್ನು ಮೇಜಿನ ಮೇಲೆ ಹಾಸಿಕೊಂಡು, ಅದರ ಮೇಲೆ ಕೊರೆದ ತಗಡಿನ ಪುಡಿ ಬೀಳಿಸುತ್ತ ಕೆಲಸ ಶುರುಮಾಡಿದಳು.

ಶನಿವಾರ ಕಾಫಿ ಕೊಡಲು ಹೋದಾಗ ಮೊದಲ ಡಬ್ಬ ಮುಚ್ಚಳ ತೆರೆದು ಕೂತಿತ್ತು. ಒಂದು ನೋಟಕ್ಕೇ ನನಗೆ ಕಂಡಿತು. ತೆಳ್ಳನೆಯ ಸ್ವಿಚ್ಚಿಗೆ ಎರಡೇ ಕಾಲು. ಅದು ಒಂದು ತಂತಿಯನ್ನು ಮಾತ್ರ ಕತ್ತರಿಸುತ್ತದೆ. ಚುಕ್ಕೆ ಬಲಕ್ಕಿರುವ ನಮ್ಮ ಮನೆಯಲ್ಲಿ ಕತ್ತರಿಸುವುದು ಫೇಸನ್ನೇ, ಅವಳ ಟೆಸ್ಟರಿಗೆ ಎಲ್ಲ ಸರಿ. ಚುಕ್ಕೆಯ ನೇಮ ಗೊತ್ತಿಲ್ಲದ ಮನೆಯಲ್ಲಿ ಪ್ಲಗ್ಗು ತಿರುಗಿತೋ, ಸ್ವಿಚ್ಚು ಆಫ್ ಇದ್ದರೂ ಡಬ್ಬದೊಳಗೆ ಕರೆಂಟು ಹರಡಿಕೊಂಡೇ ಇರುತ್ತದೆ. ಎರಡೂ ತಂತಿ ಕತ್ತರಿಸುವ ನಾಲ್ಕು ಕಾಲಿನ ಸ್ವಿಚ್ಚು ಬೇಕು. ನಮ್ಮ ಮನೆಯಲ್ಲೇ ಕೆಲಸ ಕಲಿತವಳಿಗೆ ಊರೆಲ್ಲ ಹಾಗೇ ಚುಚ್ಚುತ್ತದೆ ಅನ್ನಿಸಿಬಿಟ್ಟಿತ್ತು. ನಾನು ಹೊರಗೆ ಕಲಿತು ಬಂದವಳು, ನನಗೆ ಕಂಡಿತು.

ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಲೋಟ ತುಟಿಗಿಟ್ಟು, ತಲೆಯೆತ್ತದೆ, "ಬೆಲ್ಲ ಜಾಸ್ತಿ ಆಗದೆ. ಅಳತೆ ಏಳ್ಕೊಡ್ನಿಲ್ವಾ ಡಿಪ್ಲೊಮಾಲಿ" ಅಂದಳು.

ನುಂಗಿಕೊಂಡೆ. ಮಾವನಿಗೆ ಆಗ ಕಣ್ಣಿನ ಪೊರೆ, ಬುಧವಾರ ಆಪರೇಷನ್. ಕಣ್ಣು ಬಂದ ಮೇಲೆ ಅವರೇ ನೋಡಲಿ, ಅವಳನ್ನು ಅವರೇ ಕೇಳಲಿ ಎಂದುಕೊಂಡೆ. ಅಲ್ಲಿಯವರೆಗೆ ಡಬ್ಬ ಅಂಗಡಿ ದಾಟುವುದಿಲ್ಲವಲ್ಲ ಎಂದು ಸಮಾಧಾನ ಬೇರೆ. ಭಾನುವಾರ ಇಡೀ ದಿನ ಹಿಟ್ಟು ನಾದುತ್ತ, ಬಟ್ಟೆ ಮಡಿಸುತ್ತ, ಅವಳ ಮುಖ ಹೇಗಾಗಬಹುದು ಎಂದು ಊಹಿಸಿಕೊಂಡು ಸುಖಪಟ್ಟೆ. ಸುಳ್ಳು ಹೇಳಬಾರದು, ಸುಖವೇ ಅದು.

ಸೋಮವಾರ ಬೆಳಿಗ್ಗೆ ಪಾತ್ರೆ ತೊಳೆದು ಅಂಗಡಿ ಗುಡಿಸಲು ಬಂದರೆ ಮೇಜಿನ ಮೇಲೆ ಡಬ್ಬವಿಲ್ಲ. ಮೊದಲನೆಯದು ಅವರವ್ವನಿಗೆ ಎಂದು ಮೊದಲ ಬಸ್ಸಿಗೇ ತೌರಿಗೆ ಒಯ್ದಳೆಂದು ಮಾವ ಹೇಳಿದರು. ಯಾರಿಗೆ ಡಬ್ಬ ಕೊಟ್ಟರೂ ಮುಚ್ಚಳ ಬಿಚ್ಚಿ, ಇಲ್ಲಿ ಕರೆಂಟು ಬರ್ತದೆ, ಇಲ್ಲಿ ಚಿತ್ರ ಓಯ್ತದೆ ಎಂದು ಬೆರಳಿಟ್ಟು ತೋರಿಸುವುದು ಅವಳ ಚಾಳಿ. ಫೋನ್ ಮಾಡಿದೆ. ಅವಳ ಫೋನು ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿದ್ದ ಚೀಲದಲ್ಲೇ ಹೊಡೆದುಕೊಂಡಿತು.

ಉಟ್ಟ ಸೀರೆಯಲ್ಲೇ ಮಳವಳ್ಳಿ ಬಸ್ಸು ಹತ್ತಿದೆ. ದಾರಿಯ ಒಂದು ಊರೂ ನನಗೆ ನೆನಪಿಲ್ಲ. ಮಳವಳ್ಳಿಯಲ್ಲಿ ಇಳಿದು ಆಟೋ ಹಿಡಿದು ಅವರ ಹಳ್ಳಿ ಸೇರಿದಾಗ ಅವಳು ಜಗಲಿಯ ಮೇಲೆ ಎಡಗೈಯಿಂದ ಬಲಗೈ ಹಿಡಿದುಕೊಂಡು ಕೂತಿದ್ದಳು. ಪಕ್ಕದಲ್ಲಿ ಮುಚ್ಚಳ ತೆರೆದ ಡಬ್ಬ. ಅವರವ್ವ ನೀರಿನ ಚೊಂಬು ಹಿಡಿದು ಗಾಬರಿಯಾಗಿ ನಿಂತಿದ್ದರು. ಪ್ಲಗ್ಗು ತಿರುಗಿತ್ತು; ಸ್ವಿಚ್ಚು ಆಫ್ ಮಾಡಿ ಒಳಗೆ ಬೆರಳಿಟ್ಟರೂ ಮೊಣಕೈವರೆಗೆ ಹೊಡೆದಿತ್ತಂತೆ, ಎಸೆದ ಹಾಗಾಯಿತಂತೆ. ಜೀವಕ್ಕೆ ಏನೂ ಆಗಿರಲಿಲ್ಲ.

ಸ್ವಿಚ್ಚು ಒಂದೇ ತಂತಿ ಕತ್ತರಿಸುತ್ತದೆ ಅಕ್ಕ, ಅಂದೆ.

"ಈಗ ಗೊತ್ತಾಯ್ತು. ನಿಂಗ್ಯಾವಾಗ ಗೊತ್ತಾಯ್ತು?"

ಬೆಳಿಗ್ಗೆ ಅನ್ನಬಹುದಿತ್ತು. ಶನಿವಾರ ಅಂದುಬಿಟ್ಟೆ.

ಅವಳು ನನ್ನನ್ನೇ ನೋಡಿದಳು. ಏನಂತೆ ಎಂದು ಅವರವ್ವ ಕೇಳಿದರು. ಏನಿಲ್ಲ, ಇವಳು ಡಬ್ಬ ನೋಡೋಕೆ ಬಂದವಳೆ, ಉಣ್ಣಾಕಿಕ್ಕು ಎಂದು ಅವರನ್ನು ಒಳಗೆ ಕಳಿಸಿದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ, ಮದ್ದೂರು ಇನ್ನೇನು ಬಂತು ಅನ್ನುವಾಗ, ಕಿಟಕಿ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ನಮ್ಮವ್ವ ಮುಟ್ಟಿದ್ರೆ?"



ಮನೆಗೆ ಬಂದವಳು ಕಾಲು ಕೂಡ ತೊಳೆಯದೆ ಮಾವನ ಮುಂದೆ ನಿಂತಳು. "ಮಾವ, ನಾನು ತಪ್ ಮಾಡ್ಬುಟ್ಟೆ. ನಮ್ಮನೆ ಚುಕ್ಕೆ ನಂಬ್ಕೊಂಡು ಎರಡು ಕಾಲಿನ ಸ್ವಿಚ್ಚು ಆಕ್ದೆ. ಇವ್ಳು ಕಂಡಿಡ್ದವ್ಳೆ" ಅಂದಳು. ಯಾವಾಗ ಕಂಡೆಯವ್ವ ಎಂದು ಮಾವ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ಉತ್ತರ ಕೊಟ್ಟಳು, ಇವತ್ತು ಬೆಳಿಗ್ಗೆ, ಕಂಡ ಕೂಡಲೇ ಬಸ್ಸು ಹತ್ತಿ ಓಡಿ ಬಂದಳು ಎಂದು.

ನಾಲ್ಕು ಕಾಲಿನ ಸ್ವಿಚ್ಚು ಪಕ್ಕದ ಜಾಗಕ್ಕೆ ಹಿಡಿಸಲಿಲ್ಲ. ಅದನ್ನು ಬೆನ್ನಿಗೆ ತರಲು ಒಂದು ಸಾಕೆಟ್ಟು ಬಿಡಬೇಕಾಯಿತು. ಅವಳು ಊರೂರು ತಿರುಗಿ ಪತ್ತೆಮಾಡಿದ್ದ ಏರಿಯಲ್ ಸಾಕೆಟ್ಟನ್ನೇ ತೆಗೆದಳು. ಮಾರನೆಯ ದಿನ ಒಳಗಿನಿಂದ ಒಂದು ಮಣೆ ತಂದು ಎರಡು ಹಳೇ ಬ್ಯಾಟರಿಯ ಮೇಲಿಟ್ಟು, ಕೂತ್ಕೊ ಅಂದಳು. ಹೀಗೆ ನಾನು ಮೇಜಿಗೆ ಬಂದೆ. ಹಾಗಂತ ಅವಳು ದೇವತೆಯೇನಲ್ಲ. ಒಂದು ತಿಂಗಳು ನನ್ನ ಕೈಯ ಕಾಫಿ ಮುಟ್ಟಲಿಲ್ಲ. ನಾನು ಹಾಕಿದ ಬೆಸುಗೆಯನ್ನು ಗಿರಾಕಿಗಳ ಎದುರೇ ಚಿಮಟದಿಂದ ಎಳೆದು ಕಿತ್ತು ತೋರಿಸುವಳು. ಡಿಪ್ಲೊಮಾದ ಮಾತು ಮಾತ್ರ ಅಂದಿನಿಂದ ನಿಂತುಹೋಯಿತು. ಅದು ನಿಂತದ್ದೇ ನನಗೆ ಹೆಚ್ಚು ಚುಚ್ಚಿತು.

ಮಾವ ಬಂದವರಿಗೆಲ್ಲ ಕತೆ ಹೇಳುವರು, ನಮ್ಮ ಚಿಕ್ಕ ಸೊಸೆ ಹೇಗೆ ಕಂಡುಹಿಡಿದಳು, ಹೇಗೆ ಉಟ್ಟ ಸೀರೆಯಲ್ಲಿ ಓಡಿದಳು ಎಂದು. ಅವಳು ಬೆಸುಗೆ ಹಾಕುತ್ತ ಹೂಂಗುಟ್ಟುವಳು. ಮೊದಲು ಅವಳ ಸ್ಟೂಲಿನ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಈಗ ಆ ಹೂಂ ಮೇಲೆ ತಿರುಗಿತು. ಸಾರಿಗೆ ಉಪ್ಪು ಕಮ್ಮಿ ಅಂದಷ್ಟೇ ಸಲೀಸಾಗಿ ನಾನು ತಪ್ಪು ಮಾಡಿದೆ ಅನ್ನಲು ಒಬ್ಬರಿಗೆ ಹೇಗೆ ಬರುತ್ತದೆ? ನನಗೆ ಯಾಕೆ ಬರುವುದಿಲ್ಲ?

ಹೋದ ವರ್ಷ ಕಿಡ್ನಿ ಕೈಕೊಟ್ಟು ಅವಳು ಹೋದಳು. ಕೊನೆಯ ವಾರ ಅವಳ ಕಾಲು ಒತ್ತುತ್ತ, ಆ ಶನಿವಾರದ ವಿಷಯ ಮಾವನಿಗೆ ಹೇಳಿಬಿಡುತ್ತೇನೆ ಅಕ್ಕ ಅಂದೆ.

"ಏಳೋದಾದ್ರೆ ಏಳು. ನನ್ನೇನ್ ಕೇಳ್ತೀಯ" ಅಂದಳು.

ಹೇಳಲಿಲ್ಲ. ಅವಳ ತಿಥಿಯ ದಿನ, ಎಲೆ ಮುಂದೆ ಕೂತ ನೆಂಟರಿಗೆಲ್ಲ ಮಾವ ಮತ್ತೆ ಅದೇ ಕತೆ ಹೇಳಿದರು. ಅವಳ ತೌರಿನವರೂ ಇದ್ದರು. ಅವರವ್ವ ಪಂಕ್ತಿಯಿಂದ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡು, ಅವತ್ತು ನೀನು ಓಡಿ ಬಂದೆಯಲ್ಲವ್ವ ಎಂದು ಅತ್ತರು. ನಾನು ತಲೆ ತಗ್ಗಿಸಿದೆ. ನೋಡಿದವರು ಅದನ್ನು ದುಃಖ ಎಂದುಕೊಂಡರು. ಅವಳ ತಿಥಿಯಲ್ಲೂ ಹೊಗಳಿಕೆ ನನ್ನ ಎಲೆಗೇ ಬಿತ್ತು.

ಅದಕ್ಕೇ ಇದನ್ನು ಬರೆದಿದ್ದು. ಮೊದಲು ಮಾವನಿಗೆ ಓದಿ ಹೇಳುತ್ತೇನೆ. ಆಮೇಲೆ ಮಳವಳ್ಳಿ ಬಸ್ಸು ಹತ್ತಿ, ಅವರವ್ವನಿಗೆ.