ಗಂಟು ಹಾಕುವ ಕೋರ್ಸು

ಸಾಮಾನು ಸಾಗಿಸುವ ಕಂಪನಿಯ ಗೋದಾಮಿನಲ್ಲಿ ಆಕೆಯನ್ನು ಎಲ್ಲರೂ ಗಂಟಕ್ಕ ಎನ್ನುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತೂಕದ ಯಂತ್ರದ ಪಕ್ಕದ ಮೂಲೆಯಲ್ಲಿ ನಿಂತು ಇಪ್ಪತ್ತಾರು ವರ್ಷ ಕಪಾಟು, ಪೆಟ್ಟಿಗೆ, ಹೊಲಿಗೆ ಯಂತ್ರಗಳಿಗೆ ಹಗ್ಗ ಬಿಗಿದಿದ್ದಳು. ಅಂಗೈ ಕಾಯಿಗಟ್ಟಿತ್ತು.

ನಮ್ಮ ಕಾಲೇಜಿನ ಗಣಿತದ ಮೇಷ್ಟ್ರು ಮನೆ ಬದಲಾಯಿಸಿದಾಗ ಅವರ ಪುಸ್ತಕದ ಕಪಾಟನ್ನು ಕಟ್ಟಿದವಳು ಈಕೆಯೇ. ಮರುದಿನ ಅವರು ಗೋದಾಮಿಗೇ ಬಂದರು.

"ಏನಾದ್ರೂ ಒಡೆದುಹೋಯ್ತಾ ಸಾರ್?" ಗಂಟಕ್ಕ ಹಗ್ಗ ಕೆಳಗಿಟ್ಟು ಕೇಳಿದಳು.

"ಇಲ್ಲಮ್ಮ. ಅರ್ಧ ದಿನದಿಂದ ಒದ್ದಾಡ್ತಿದ್ದೀನಿ, ನೀವು ಹಾಕಿದ ಗಂಟು ಬಿಚ್ಚೋಕೇ ಬರ್ತಿಲ್ಲ."

ಗಂಟುಗಳ ಬಗ್ಗೆ ಗಣಿತದಲ್ಲಿ ಒಂದು ಶಾಖೆಯೇ ಇದೆಯಂತೆ. ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆದರೆ ಹುಡುಗರು ಆಕಳಿಸುತ್ತಿದ್ದರು. ಆ ವರ್ಷ ಕಾಲೇಜಿಗೆ ವಿಚಿತ್ರ ಕೋರ್ಸುಗಳ ಹುಚ್ಚು ಹಿಡಿದಿತ್ತು. ಕ್ಯೂ ನಿಲ್ಲುವುದರ ಸಮಾಜಶಾಸ್ತ್ರ, ಹಳೆ ಜಾಹೀರಾತುಗಳ ಓದು, ಹೀಗೆ. ಮೇಷ್ಟ್ರ ಒತ್ತಾಯಕ್ಕೆ ಅದರ ಜೊತೆ ಗಂಟಿನದೂ ಒಂದು ಸೇರಿತು. ವಾರಕ್ಕೊಂದು ಪಾಠ ಮೇಷ್ಟ್ರದು, ಒಂದು ಗಂಟಕ್ಕನದು.

"ಕಾಲೇಜಿನವರಿಗೆ ಲಾಡಿ ಕಟ್ಟಿಕೊಳ್ಳೋಕೂ ಬರಲ್ವೇನೇ?" ಎಂದು ಗಂಟಕ್ಕನ ಅತ್ತೆ ನಕ್ಕರಂತೆ.

ಮೊದಲ ದಿನ ಒಬ್ಬ ವಿದ್ಯಾರ್ಥಿ, "ಇದಕ್ಕೂ ಪಾಠ ಬೇಕಾ?" ಎಂದ, ಉಳಿದವರು ನಕ್ಕರು. ಗಂಟಕ್ಕ ಅವನ ಕೈಗೆ ಹಗ್ಗ ಕೊಟ್ಟು, ಕುರ್ಚಿಯೊಂದನ್ನು ಬೆನ್ನಿಗೆ ಕಟ್ಟಿಕೊಂಡು ಮೆಟ್ಟಿಲಿಳಿ ಎಂದಳು. ಮೂರನೇ ಮೆಟ್ಟಿಲಿಗೇ ಕುರ್ಚಿ ಜಾರಿ ಕಾಲು ಮುರಿಯಿತು, ಪುಣ್ಯಕ್ಕೆ ಕುರ್ಚಿಯದು.

"ಪರವಾಗಿಲ್ಲ ಬಿಡಪ್ಪ, ಮೊದಲ ದಿನ ನಾನು ಕೆಡವಿದ್ದು ಕನ್ನಡಿ ಬೀರು" ಎಂದಳು. ಆಮೇಲೆ ಯಾರೂ ನಗಲಿಲ್ಲ.

ಪರೀಕ್ಷೆಯನ್ನೂ ಆಕೆಯೇ ಗೊತ್ತುಮಾಡಿದಳು. ತುಂಬಿದ ಬಕೆಟ್ಟನ್ನು ಎರಡನೇ ಮಹಡಿಯಿಂದ ಇಳಿಸಿ, ಚೆಲ್ಲದಂತೆ ಮೇಲೆಳೆದು, ಒಂದೇ ಎಳೆತಕ್ಕೆ ಗಂಟು ಬಿಚ್ಚಬೇಕು. ಕತ್ತರಿ ಮುಟ್ಟಿದರೆ ಸೊನ್ನೆ.

ಪರೀಕ್ಷಾ ವಿಭಾಗದ ಗುಮಾಸ್ತನಾಗಿದ್ದ ನಾನು ಅಂಕಪಟ್ಟಿಯನ್ನು ವಾಪಸು ಕಳಿಸಿದೆ. ಪರೀಕ್ಷಕರ ವಿದ್ಯಾರ್ಹತೆ ಎಂಬಲ್ಲಿ ಆಕೆ 'ಏಳನೇ ಕ್ಲಾಸು' ಎಂದು ದುಂಡಗೆ ಬರೆದಿದ್ದಳು. ಡಿಗ್ರಿ ಇಲ್ಲದವರ ಸಹಿ ನಡೆಯುವಂತಿರಲಿಲ್ಲ. ಮೇಷ್ಟ್ರು ಕೆಂಡವಾಗಿ ಬಂದರು. ಹಿಂದೆ ಗಂಟಕ್ಕ, ಮುಖ ಸಣ್ಣದು ಮಾಡಿಕೊಂಡು.

"ಅವರ ಮೇಲೆ ಯಾಕೆ ರೇಗ್ತೀರಿ ಸಾರ್? ನೀವೇ ಸಹಿ ಹಾಕಿಬಿಡಿ" ಎಂದಳು.

"ನಾನೂ ಪರೀಕ್ಷೆ ಬರೆದೋನೇ ಅಲ್ವೇನಮ್ಮ? ನನ್ನ ಬಕೆಟ್ಟೂ ಚೆಲ್ತು. ಫೇಲಾದೋನು ಸಹಿ ಹಾಕೋದು ಹೇಗೆ?"

ನನಗೆ ನಗು ತಡೆಯಲಾಗಲಿಲ್ಲ, ನಾಚಿಕೆಯೂ ಆಯಿತು. ಎರಡು ದಿನ ನಿಯಮಗಳ ಪುಸ್ತಕ ತಿರುವಿಹಾಕಿದೆ. ಕಾರ್ಯಾಗಾರದ ವಿಷಯಗಳಿಗೆ ನುರಿತ ಕೆಲಸಗಾರರು ಪರೀಕ್ಷಕರಾಗಬಹುದು ಎಂಬ ಹಳೆಯ ಸಾಲೊಂದು ಸಿಕ್ಕಿತು. ಪ್ರಾಂಶುಪಾಲರು ಒಪ್ಪಿದರು. ಫಲಿತಾಂಶದ ಹಾಳೆಯ ಕೆಳಗೆ ಗಂಟಕ್ಕ ನಿಧಾನವಾಗಿ ಸಹಿ ಮಾಡಿದಳು. ಮಸಿ ಒಣಗುವವರೆಗೂ ಕೈಯೆತ್ತಲಿಲ್ಲ. ನಲವತ್ತು ಜನರಲ್ಲಿ ಹನ್ನೊಂದು ಮಂದಿ ಫೇಲು. ಒಬ್ಬರಿಗೂ ಅರ್ಧ ಅಂಕ ಹೆಚ್ಚಿಸಲು ಆಕೆ ಒಪ್ಪಲಿಲ್ಲ.

ಗೋದಾಮಿನ ಕೆಲಸ ಬಿಡದೆಯೇ ಒಂಬತ್ತು ವರ್ಷ ಪಾಠ ಮಾಡಿದಳು. ಎರಡನೇ ವರ್ಷದಿಂದ ಮೇಷ್ಟ್ರ ತರಗತಿಯ ಕೊನೇ ಬೆಂಚಿನಲ್ಲೂ ನೋಟ್‌ಬುಕ್ಕು ಹಿಡಿದು ಕೂರತೊಡಗಿದಳು.

"ಅರ್ಥ ಆಗುತ್ತಾ ಗಂಟಕ್ಕ?" ಎಂದು ಕೇಳಿದ್ದೆ.

"ಗಂಟಿನ ಚಿತ್ರ ಅರ್ಥ ಆಗುತ್ತೆ. ಈ ಎಕ್ಸು, ವೈಯೇ ಇನ್ನೂ ಸತಾಯಿಸ್ತಿವೆ" ಎಂದು ಪುಟ ತಿರುಗಿಸಿದಳು.