ಪ್ರಳಯದ ವಾರದಲ್ಲಿ ಕರಿಯ

ಮಕ್ಕಳೇ, ಜಗಳೂರು ಕಡೆಯ ನಮ್ಮೂರಿನಲ್ಲಿ ಆಗ ಸುದ್ದಿಯೆಂದರೆ ಸಂತೆಗೆ ಹೋಗಿಬಂದವರ ಬಾಯಿಮಾತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಂಥದೊಂದು ಮಾತು ಬಂತು: ಆಕಾಶದಿಂದ ಏನೋ ದೊಡ್ಡದು ಬೀಳುತ್ತದೆ, ಬರುವ ವಾರ ಲೋಕವೇ ಇರುವುದಿಲ್ಲ.

ಊರು ಅಳಲಿಲ್ಲ, ಉಣ್ಣತೊಡಗಿತು. ಹೇಗೂ ಸಾಯುವುದಾದರೆ ಹಟ್ಟಿಯಲ್ಲಿದ್ದುದನ್ನು ಯಾಕೆ ಬಿಡಬೇಕೆಂದು ದಿನಕ್ಕೊಂದು ಮನೆಯಲ್ಲಿ ಕೋಳಿ, ಕುರಿ ಕೊಯ್ದರು. ಓಣಿಯೆಲ್ಲ ಹುರಿದ ಮಸಾಲೆಯ ಘಮ. ಅದು ಮೂಗಿಗೆ ಬಡಿದಾಗಲೆಲ್ಲ ನಾನು ಹಿತ್ತಿಲಿಗೆ ಓಡುತ್ತಿದ್ದೆ, ಏಕೆಂದರೆ ಅಲ್ಲಿ ನಮ್ಮ ಕರಿಯನಿದ್ದ. ತಾಯಿ ಸತ್ತ ಆ ಗಂಡು ಮೇಕೆಮರಿಗೆ ಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸಿ ಬೆಳೆಸಿದವಳು ನಾನು. ನನಗೆ ಮಾತು ಕಡಿಮೆ. ಹೇಳಬೇಕಾದ್ದನ್ನೆಲ್ಲ ಅವನಿಗೇ ಹೇಳುತ್ತಿದ್ದೆ. ಆ ವಾರ ಹುಣಸೆಮರದ ಕೆಳಗೆ ಕೂತು ಒಂದು ಕತೆ ಕಟ್ಟಿದೆ: ಎಲ್ಲ ಹೋಗಿದೆ. ಶಾಲೆಯಿಲ್ಲ, ಊರಿಲ್ಲ, ನಾವಿಬ್ಬರೇ ಉಳಿದಿದ್ದೇವೆ. ಅವನು ಹಸಿರಿನ ವಾಸನೆ ಹಿಡಿದು ಹುಡುಕುತ್ತಾನೆ. ಎಲ್ಲೋ ಒಂದು ಬಾವಿ ಸಿಗುತ್ತದೆ, ಅಲ್ಲಿ ಜೋಳ ಬಿತ್ತುತ್ತೇವೆ. ನನ್ನ ಲಂಗದ ಅಂಚು ಜಗಿಯುತ್ತ ಅವನು ಕೇಳುತ್ತಿದ್ದ.

ಸೋಮವಾರ ಅಪ್ಪ ಕತ್ತಿ ಮಸೆಯಲು ಕೂತರು.

"ಊರೆಲ್ಲ ತಿಂತೈತೆ. ನಾವೊಬ್ರೇ ಬಾಯಿ ಕಟ್ಕಂಡು ಸಾಯಾದೇನು?"

ನಾನು ಅಜ್ಜಿಯ ಸೆರಗು ಹಿಡಿದೆ. ಅಜ್ಜಿ ನನ್ನ ಮುಖ ನೋಡಿದಳು, ಒಳಗಿನಿಂದ ಅರಿಶಿನದ ದಾರ ತಂದು ಕರಿಯನ ಕೊರಳಿಗೆ ಕಟ್ಟಿದಳು.

"ಇದಿನ್ನು ಮಾರಮ್ಮನ ಹರಕೆ ಮರಿ ಕಣಪ್ಪ. ಲೋಕ ಉಳಿದ್ರೆ ಕೊಡ್ತೀನಿ ಅಂತ ಬೇಡ್ಕಂಡೀನಿ. ಈಗ ಮುಟ್ಟಿದ್ರೆ ಕೈ ಬಿದ್ದೋಗತೈತೆ ನೋಡು."

"ಲೋಕಾನೇ ಹೋದ್ಮೇಲೆ ಕೈ ಇದ್ರೇನು, ಬಿದ್ರೇನು?" ಎಂದು ಅಪ್ಪ ಗೊಣಗಿದರು. ಆದರೂ ಕತ್ತಿ ಒಳಗಿಟ್ಟರು. ಹರಕೆಯ ಮರಿಯನ್ನು ನಮ್ಮ ಕಡೆ ಯಾರೂ ಮುಂಚೆ ಮುಟ್ಟುವುದಿಲ್ಲ. ಅಂದು ನಮ್ಮ ಮನೆಯಲ್ಲಿ ಸೊಪ್ಪಿನ ಸಾರು, ಮುದ್ದೆ.

ಬೀಳಬೇಕಾದ್ದು ನಮ್ಮೂರಿಗೆ ಬೀಳಲಿಲ್ಲ. ಹೇಳಿದ ದಿನ ಕಳೆದು ಬೆಳಗಾಯಿತು, ಶಾಲೆಯ ಗಂಟೆ ಹೊಡೆಯಿತು. ಹಟ್ಟಿ ಬರಿದು ಮಾಡಿಕೊಂಡವರು ಒಬ್ಬರ ಮುಖ ಒಬ್ಬರು ನೋಡಲಾರದೆ ಓಡಾಡಿದರು. ನಾನು ಕರಿಯನನ್ನು ತಬ್ಬಿಕೊಂಡು ಕುಣಿದೆ.

ಅಜ್ಜಿ ನನ್ನನ್ನು ಎದುರು ಕೂರಿಸಿಕೊಂಡು ತಲೆ ಬಾಚಿದಳು.

"ಕೂಸೇ, ಉಳಿದ್ರೆ ಕೊಡ್ತೀನಿ ಅಂದಿದ್ದೆ. ಉಳೀತಲ್ಲ."

"ಮಾರಮ್ಮ ಮರ್ತಿರ್ತಾಳೆ ಅಜ್ಜಿ."

"ನಾನು ಮರೀಬೇಕಲ್ಲ ಕೂಸೇ."

ಮುಂದಿನ ಮಂಗಳವಾರ ಗುಡಿಗೆ ಹೋದೆವು. ಕರಿಯನಿಗೆ ಹಗ್ಗ ಬೇಕಾಗಲಿಲ್ಲ. ನನ್ನ ಹಿಂದೆಯೇ ಬಂದ.

ಅಲ್ಲಿಂದೀಚೆಗೆ ಎಷ್ಟೋ ಹೋದವು. ಅಜ್ಜಿ, ಅಪ್ಪ, ಆ ಹುಣಸೆಮರ, ನಿಮ್ಮ ತಾತ. ಲೆಕ್ಕ ಇಡಲು ಈಗ ಆಯಾಸ. ಮೊನ್ನೆ ನೀವು ಮೊಬೈಲಿನಲ್ಲಿ ತೋರಿಸಿದ ಸಿನಿಮಾದಲ್ಲಿ ಲೋಕವೆಲ್ಲ ಹಾಳಾಗಿ ಒಬ್ಬ ಮುದುಕ, ಒಂದು ಕತ್ತೆ ಮಾತ್ರ ಉಳಿದಿದ್ದರು. ಪಾಪ ಎಂದು ನೀವು ಕಣ್ಣೊರೆಸಿಕೊಂಡಿರಿ. ನನಗೆ ಅಳು ಬರಲಿಲ್ಲ. ಮುದುಕ ಮಾತಾಡಿದಾಗೆಲ್ಲ ಆ ಕತ್ತೆ ಕಿವಿ ನಿಮಿರಿಸುತ್ತಿತ್ತು. ನನಗೆ ಇಡೀ ಲೋಕ ಉಳಿದಿತ್ತು. ನನ್ನ ಕತೆ ಕೇಳುವವನು ಅದರಲ್ಲಿ ಇರಲಿಲ್ಲ.