ಜಡೆಯ ದಾರಿಯಲ್ಲಿ ಡಚ್ಚರ ಅಂಗಡಿ

ಶಿವಮೊಗ್ಗದಲ್ಲಿ ಶಿಕಾರಿಪುರದ ಬಸ್ಸು ಹತ್ತಿದೊಡನೆ ನಮ್ಮ ಅತ್ತೆ ನನ್ನನ್ನು ಕಿಟಕಿಯ ಕಡೆಗೆ ತಳ್ಳಿ, ತಾವು ಸೀಟಿನ ಹೊರ ಅಂಚಿನಲ್ಲಿ ಕೂತರು. ಕಿಟಕಿ ಕೊಟ್ಟದ್ದು ಪ್ರೀತಿಯಿಂದಲ್ಲ, ಕಾವಲಿಗೆ ಎಂಬುದು ನನಗೆ ತಿಳಿದಿತ್ತು. ಹೊಸ ಪೈಸೆ ಬಂದ ಹೊಸತು ಅದು. ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಬಸ್ಸಿನಲ್ಲಿ ಅರ್ಧ ಜನ ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಅತ್ತೆ ಚಿಲ್ಲರೆಯನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು.

ಮದುವೆಯಾದ ವರ್ಷವೇ ನನ್ನ ಯಜಮಾನರು ಕೆರೆ ಕಾಲುವೆಗಳ ಎಂಜಿನಿಯರಿಂಗ್ ಓದಲು ಹಾಲೆಂಡಿಗೆ ಹೋಗಿದ್ದರು. ಹಿಂದಿನಿಂದ ನಾನೂ ಹೋಗಬೇಕೆಂಬ ಮಾತಿತ್ತು. ಮಾವನವರು ಇರಲಿಲ್ಲ, ಮನೆಯ ಹಿರಿತನ ಅತ್ತೆಯದು. ಅವರು ಹೂಂ ಅಂದರೆ ಹಡಗಿನ ಪ್ಯಾಸೇಜ್ ಬುಕ್ ಆಗುತ್ತದೆ, ಊಹೂಂ ಅಂದರೆ ದಿ ಎಂಡ್. ನನ್ನನ್ನು ಸೊರಬ ತಾಲ್ಲೂಕಿನ ಜಡೆಗೆ, ಅವರ ಮನೆಗೆ ಕರೆದೊಯ್ಯಲು ಶಿವಮೊಗ್ಗದ ನನ್ನ ತವರಿಗೆ ಬಂದವರು, ಸೊಸೆ ಬೆಳಗಾಗೆದ್ದು ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುವುದನ್ನು ಕಂಡುಬಿಟ್ಟಿದ್ದರು.

ಅದು ನನ್ನ ಡಚ್ ಲೆಸನ್. ನಾನು ಓದಿದ ಕಾನ್ವೆಂಟಿನಲ್ಲಿ ಹಾಲೆಂಡಿನವರೇ ಆದ ವಯಸ್ಸಾದ ಸಿಸ್ಟರ್ ಒಬ್ಬರಿದ್ದರು. "ಮೊದಲು ಅಂಗಡಿಗೆ ಹೋಗಿ ಬರುವುದನ್ನು ಕಲಿ, ಮೈ ಚೈಲ್ಡ್. ಹಸಿವಾದಾಗ ಗ್ರಾಮರ್ ಯಾರಿಗೂ ನೆನಪಿರುವುದಿಲ್ಲ" ಎಂದು ಪೇಟೆಯ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಸಿದ್ದರು. ಬರೆದುಕೊಳ್ಳಲು ಬಿಡುತ್ತಿರಲಿಲ್ಲ, ಬರೆದರೆ ನಾಲಿಗೆ ಸೋಮಾರಿಯಾಗುತ್ತದಂತೆ. ಬಸ್ಸು ಊರು ದಾಟುತ್ತಲೇ ಅಭ್ಯಾಸಬಲದಿಂದ ನನ್ನ ತುಟಿ ಮತ್ತೆ ಅಲ್ಲಾಡತೊಡಗಿತು.

"ಎಂತದೆ ಅದು ಮಣಮಣ?" ಅಂದರು ಅತ್ತೆ.

"ಡಚ್ ಅತ್ತೆ. ಅಲ್ಲಿನ ಭಾಷೆ. ಅಂಗಡೀಲಿ ಸಾಮಾನು ಕೇಳೋದು."

"ಸಾಮಾನು ಕೇಳಕ್ಕೆ ಕಣ್ಣು ಯಾಕೆ ಮುಚ್ಚಬೇಕು?"

ನಾನು ಕಣ್ಣನ್ನು ಅಗಲವಾಗಿ ತೆರೆದು ಕೂತೆ. "ನಂಗೆ ಕೇಳೋ ಹಂಗೆ ಹೇಳು" ಅಂದರು. ಹೇಳಿದೆ. "ಹೂಫೇಲ್ ಕೊಸ್ಟ್ ದಿಟ್" ಅಂದರೆ ಇದಕ್ಕೆಷ್ಟು. "ಹೂಫೇಲ್ ಕೊಸ್ಟ್ ಹೆಟ್ ಝೌಟ್" ಅಂದರೆ ಉಪ್ಪಿಗೆಷ್ಟು. "ಮಾಖ್ ಇಕ್ ಎನ್ ಪೊಂಟ್ ಔಯೆನ್, ಆಲ್ಸ್ತುಬ್ಲೀಫ್ತ್" ಅಂದರೆ ನಾನು ಒಂದು ಪೌಂಡು ಈರುಳ್ಳಿ ತಗೋಬಹುದಾ, ದಯವಿಟ್ಟು. ಕೊಟ್ಟಮೇಲೆ "ಡಾಂಕ್ ಯೂ ವೆಲ್", ತುಂಬ ಉಪಕಾರವಾಯಿತು. ಏನೂ ಬೇಡದಿದ್ದರೆ "ಇಕ್ ಕೈಕ್ ಆಲೇನ್", ಸುಮ್ಮನೆ ನೋಡುತ್ತಿದ್ದೇನೆ.

ಅತ್ತೆ ಪ್ರತಿಯೊಂದನ್ನೂ ಹೇಳಿಸಿ, ತಿರುಗಿ ಹೇಳಿಸಿ ಕೇಳಿದರು. ಸವಳಂಗದಲ್ಲಿ ಬಸ್ಸು ನಿಂತು ಎಲ್ಲರೂ ಮಂಡಕ್ಕಿ ತಿನ್ನುವಾಗ ತಮ್ಮ ಪೊಟ್ಟಣವನ್ನು ಮಡಿಲಲ್ಲೇ ಇಟ್ಟುಕೊಂಡು, "ನೋಡು, ನಿನ್ನನ್ನ ಆ ಕಾನ್ವೆಂಟಿನೋರು ಕಿಲಸ್ತಾನಕ್ಕೆ ಸೇರಿಸಿದಾರೋ ಇಲ್ವೋ ನಂಗೆ ಗೊತ್ತಾಗಬೇಕು. ಹಡಗು ಹತ್ತಿಸಿದಮೇಲೆ ಗೊತ್ತಾಗಿ ಏನು ಬಂತು? ಜಡೆ ಮುಟ್ಟೋದ್ರೊಳಗೆ ಹೇಳ್ತೀನಿ, ಕಳಿಸ್ತೀನೋ ಇಲ್ವೋ" ಅಂದರು.

ಶಿಕಾರಿಪುರದಲ್ಲಿ ಅತ್ತೆಯ ಅಣ್ಣನ ಮನೆಯಲ್ಲಿ ಉಳಿದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೆ ಗಟ್ಟಿ ಮೊಸರು, ಊಟಕ್ಕೇನೂ ಕೊರತೆಯಿರಲಿಲ್ಲ. ಮರುದಿನ ಸಂತೆ. ಬಿಸಿಲೇರುವ ಮುಂಚೆಯೇ ಹೋದೆವು. ನನ್ನ ತಲೆಯಲ್ಲಿ ಡಚ್ಚೇ ಓಡುತ್ತಿತ್ತೋ ಏನೋ, ಆಗಷ್ಟೇ ಮಡಕೆ ಹರಡಿ ಕೂತಿದ್ದ ಹೆಂಗಸಿನ ಮುಂದೆ ನಿಂತು ಒಂದು ಕುಡಿಕೆಯನ್ನು ಎತ್ತಿ, ಬಡಿದು, ಕೆಳಗಿಟ್ಟು, ಅತಿ ವಿನಯದಿಂದ, "ಸುಮ್ಮನೆ ನೋಡ್ತಿದೀನಮ್ಮ" ಎಂದುಬಿಟ್ಟೆ.

"ಸುಮ್ನ ನೋಡ್ತೀ? ಇನ್ನ ಬೋಣಿ ಆಗಿಲ್ಲ, ಮುಟ್ಟಿ ಬಡಿದು ಸುಮ್ನ ಅಂತೀಯಲ್ಲವ್ವಾ! ನೋಡಕ್ಕ ಇದೇನು ಟೂರಿಂಗ್ ಟಾಕೀಸಾ? ಹೊತ್ತಾರೆದ್ದು ಯಾರ ಮುಖ ನೋಡಿದ್ನೋ ನಾನು!"

ದಿನದ ಮೊದಲ ಗಿರಾಕಿ ಬರಿಗೈಯಲ್ಲಿ ತಿರುಗಿದರೆ ಇಡೀ ದಿನದ ವ್ಯಾಪಾರ ಹಾಳು. ಇದನ್ನು ಯಾವ ಕಾನ್ವೆಂಟೂ ಕಲಿಸುವುದಿಲ್ಲ. ಅತ್ತೆ ಓಡಿಬಂದು ಬೇಡದ ಕುಡಿಕೆಯನ್ನು ಕೊಂಡು ಆಕೆಯನ್ನು ಸಮಾಧಾನ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದೇನು ನಿನ್ನ ಅಂಗಡಿ ಮಾತು? ಅಂಗಡಿ ಮಾತಾಗಿದ್ರೆ ಅಂಗಡಿಯೋರು ಬೈತಿದ್ರಾ?"

"ಅಲ್ಲಿ ಬೈಯೋದಿಲ್ಲವಂತೆ ಅತ್ತೆ. ನೋಡಿ ಹೋಗಬಹುದು. ಚೌಕಾಸಿಯೂ ಇಲ್ಲ, ಹೇಳಿದ್ದೇ ಬೆಲೆ."

ಅತ್ತೆ ನಡೆಯುವುದನ್ನು ನಿಲ್ಲಿಸಿದರು. "ಚೌಕಾಸಿ ಇಲ್ದಿದ್ ಪೇಟೆ ಎಲ್ಲಾದ್ರೂ ಉಂಟೇನೆ? ಎಷ್ಟು ಅಂತ ಕೇಳೋದು, ಕೊಟ್ಟಷ್ಟು ತಗೊಂಡು ಬರೋದು. ಅದರ ಮೇಲೆ ದಯವಿಟ್ಟು ಅಂತೆ, ಉಪಕಾರ ಆಯ್ತಂತೆ! ಈರುಳ್ಳಿಯೋನಿಗೆ ಯಾರೇ ಹಿಂಗೆ ಬೇಡ್ಕೋತಾರೆ? ಇದು ಮನುಷ್ಯರ ಹತ್ರ ಆಡೋ ಮಾತಲ್ಲ. ದೇವರ ಹತ್ರ ಆಡೋ ಮಾತು."

ಅವರ ತರ್ಕಕ್ಕೆ ನಾನು ತಲೆಬಾಗಲೇಬೇಕಾಯಿತು. ಸಂತೆಯ ಗದ್ದಲದಲ್ಲಿ ನಿಂತು ಕೇಳಿದಾಗ ಆ ವಾಕ್ಯಗಳು ನನಗೇ ಪ್ರಾರ್ಥನೆಯಂತೆ ಕೇಳಿಸಿದವು.

ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕೆಂಪು ಧೂಳು ಹಣೆಯವರೆಗೆ ಕೂತಿತು. ಅತ್ತೆಯ ಕ್ರಾಸ್ ಎಕ್ಸಾಮಿನೇಷನ್ ನಿಲ್ಲಲಿಲ್ಲ. ಹಿಂದುಮುಂದಾಗಿ ಕೇಳುವರು, ಮಾತಿನ ನಡುವೆ ಥಟ್ಟನೆ ಕೇಳುವರು, ನಾನು ತೂಕಡಿಸುವಾಗ ಮೊಣಕೈಯಿಂದ ತಿವಿದು ಕೇಳುವರು. ನಿನ್ನೆ ಹೇಳಿದ ಅರ್ಥವೇ ಇವತ್ತೂ ಬರುತ್ತದೆಯೋ ಇಲ್ಲವೋ ಎಂಬ ಪರೀಕ್ಷೆ. ಎದುರಿಗಿದ್ದ ಮುದುಕರೊಬ್ಬರು ನಮ್ಮನ್ನು ಬಹಳ ಹೊತ್ತು ಗಮನಿಸಿ, "ದನದ ದಲ್ಲಾಳಿಗಳ ಗುಟ್ಟಿನ ಮಾತು ಇರಬೇಕು" ಎಂದು ಪಕ್ಕದವರಿಗೆ ಹೇಳಿ, ತಮ್ಮ ಗಂಟನ್ನು ಕಾಲಸಂದಿಗೆ ಎಳೆದುಕೊಂಡರು.

ಸೊರಬದಲ್ಲಿ ಜಡೆಯ ಬಸ್ಸು ಇನ್ನೂ ಬಂದಿರಲಿಲ್ಲ. ಅತ್ತೆ ತಮ್ಮ ಖಾಯಂ ದಿನಸಿ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದರು. ಅಂಗಡಿಯ ಶೆಟ್ಟರು "ಬರ್ರಿ ಗೌಡ್ತಮ್ಮ" ಅನ್ನುವಷ್ಟರಲ್ಲಿ ಅತ್ತೆ, "ನೀವು ಸ್ವಲ್ಪ ಈಚೆ ಬರ್ರಿ ಶೆಟ್ರೆ. ಇವಳು ಅಲ್ಲಿ ನಿಲ್ಲಲಿ" ಎಂದು ನನ್ನನ್ನು ತಕ್ಕಡಿಯ ಹಿಂದೆ ನಿಲ್ಲಿಸಿದರು. ಶೆಟ್ಟರು ಏನೂ ತಿಳಿಯದೆ ಹೊರಗೆ ಬಂದರು.

ಅತ್ತೆ ಸೆರಗು ಸರಿಮಾಡಿಕೊಂಡು, ನನ್ನ ಮುಖದಿಂದ ಕಣ್ಣು ತೆಗೆಯದೆ, ನಿಧಾನವಾಗಿ ಅಂದರು: "ಮಾಖ್ ಇಕ್ ಎನ್ ಪೊಂಟ್ ಝೌಟ್, ಆಲ್ಸ್ತುಬ್ಲೀಫ್ತ್."

ಆ ವಾಕ್ಯವನ್ನು ನಾನು ಅವರಿಗೆ ಹೇಳಿಕೊಟ್ಟಿರಲೇ ಇಲ್ಲ. ಈರುಳ್ಳಿಯನ್ನು ಕಿತ್ತು, ಇನ್ನೊಂದು ಮಾತಿನೊಳಗಿಂದ ಉಪ್ಪನ್ನು ತಂದು ಅಲ್ಲಿ ಕೂರಿಸಿದ್ದರು. ನಾನು ಉಪ್ಪಿನ ಚೀಲಕ್ಕೆ ಕೈಹಾಕಿ, ಅಂದಾಜಿನ ಮೇಲೆ ತೂಗಿ, ಕಾಗದದಲ್ಲಿ ಸುತ್ತಿ ಅವರ ಕೈಗಿಟ್ಟೆ.

"ಎಂತ ಆತು ಮಾರಾಯ್ರೆ ನಿಮಗೆ? ಬಿಸಿಲು ತಾಗಿತಾ?" ಅಂದರು ಶೆಟ್ಟರು.

ಅತ್ತೆ ಪೊಟ್ಟಣ ಬಿಚ್ಚಿ ಒಂದು ಹರಳು ನಾಲಿಗೆಯ ಮೇಲಿಟ್ಟುಕೊಂಡರು. "ಮಂತ್ರ ಆಗಿದ್ರೆ ತುಂಡು ಮಾಡಕ್ಕೆ ಬರ್ತಿರಲಿಲ್ಲ" ಅಂದರು. "ತುಂಡು ಮಾಡಿದೆ. ಉಪ್ಪು ಬಂತು."

ನಾನು ಅದರ ಅರ್ಥ ಹೇಳಿದಾಗ ಶೆಟ್ಟರು ನಕ್ಕು, "ಇಷ್ಟು ಮರ್ಯಾದಿಯಿಂದ ಉಪ್ಪು ಕೇಳಿದವರನ್ನ ನಾ ಕಂಡಿದ್ದೇ ಇಲ್ಲ ಬಿಡಿ. ನೀವು ದಿನಾ ಹಿಂಗೇ ಕೇಳೂದಾದ್ರೆ ಡಚ್ಚೇ ಚಲೋ" ಅಂದರು. ಅತ್ತೆ ಆ ಕ್ಷಣವೇ ಕನ್ನಡಕ್ಕೆ ಮರಳಿ ಉಪ್ಪಿನ ಬೆಲೆಗೆ ಜಗಳ ತೆಗೆದರು.

ನಾನು ಗೆದ್ದೆನೆಂದುಕೊಂಡೆ. ಆದರೆ ಜಡೆಯ ಬಸ್ಸಿನಲ್ಲಿ ಅವರ ಮುಖ ಮೊದಲಿಗಿಂತ ಬಿಗಿಯಾಗಿತ್ತು. ಗದ್ದೆಗಳಲ್ಲಿ ಬರಿಯ ಕೂಳೆ ಉಳಿದಿತ್ತು, ಅದನ್ನೇ ನೋಡುತ್ತ ಕೂತಿದ್ದವರು ಕೇಳಿದರು, "ಅವನೂ ಅಲ್ಲಿ ಹಿಂಗೇ ಕೇಳ್ತಾನಾ? ತಗೋಬಹುದಾ ಅಂತ?"

"ಎಲ್ಲರೂ ಹಾಗೇ ಕೇಳ್ತಾರೆ ಅತ್ತೆ. ಇಟ್ಸ್ ಓನ್ಲಿ ಮ್ಯಾನರ್ಸ್."

"ನಾಕು ಜನಕ್ಕೆ ಅನ್ನ ಹಾಕೋ ಮನೆ ಹುಡುಗ. ಹಿಡಿ ಉಪ್ಪಿಗೆ ಅಪ್ಪಣೆ ಬೇಡ್ತಾನಾ?"

ಅತ್ತೆ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡರು; ಧೂಳು ಒರೆಸಲು ಬೇಕಾದಷ್ಟಕ್ಕಿಂತ ಹೆಚ್ಚು ಹೊತ್ತು. "ಹೋಗು ಹಂಗಾದ್ರೆ" ಅಂದರು. "ಒಬ್ಬನೇ ನಿಂತು ಕೇಳೋದು ಬೇಡ."

ಜಡೆಯಲ್ಲಿ ಒಂದು ವಾರವಿದ್ದೆ. ಯಜಮಾನರ ಅಣ್ಣ, ನಮ್ಮ ಭಾವನವರು, ಪ್ಯಾಸೇಜಿಗೆ ಬರೆದು ಹಾಕಿದರು. ತವರಿಗೆ, ಅಲ್ಲಿಂದ ಹಡಗಿಗೆಂದು ಹೊರಡುವ ದಿನ ಬೆಳಿಗ್ಗೆ ಅತ್ತೆಯೇ ಬಸ್ಸಿನವರೆಗೆ ಬಂದರು. ನಾನು ಹತ್ತಿ ಕೂತಮೇಲೆ ಕಿಟಕಿಯ ಸರಳು ಹಿಡಿದು, "ಎಲ್ಲ ತಗೊಂಡು ಅಂಗಡಿಯಿಂದ ಹೊರಡುವಾಗ ಏನಂತಾರೆ? ಅದನ್ನ ಹೇಳಲೇ ಇಲ್ಲ ನೀನು" ಅಂದರು.

"ತೊಟ್ ಝೀನ್ಸ್. ಮತ್ತೆ ನೋಡುವವರೆಗೆ."

"ಹೋಗೋರೆಲ್ಲ ಹಂಗಂತಾರಾ?"

"ಎಲ್ಲರೂ ಅಂತಾರೆ."

"ಬರ್ತಾರಾ?"

"ಬರ್ತಾರೆ ಅತ್ತೆ" ಎಂದೆ. ಬಸ್ಸು ಹೊರಟಿತು. ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಅತ್ತೆ ಕೈ ಬೀಸಲಿಲ್ಲ. ಸೊಂಟಕ್ಕೆ ಕೈಯಿಟ್ಟು, ಕಣ್ಣು ಕಿರಿದು ಮಾಡಿ, ನನ್ನ ಆ ಮಾತನ್ನು ಇನ್ನೂ ನಂಬದವರಂತೆ ನಿಂತಿದ್ದರು.